ತಿಥಿವಾರು ಮಳೆ ತಖ್ತೆ

ಚಂದ್ರನಿಗೂ ಮಳೆಗೂ ಸಂಬಂಧ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದುಕೊಳ್ಳಬೇಕೆಂಬ ಆಸೆಯೂ ನನಗಿರಲಿಲ್ಲ. ಆಸೆ ಇದ್ದದ್ದು ನಮ್ಮ ಸಾಹೇಬರಿಗೆ. ಅವರು ಹುಣಸೂರು ಸಬ್ ಡಿವಿಷನ್ನಿಗೆ ಅಸಿಸ್ಟೆಂಟ್ ಕಮಿಷನರಾಗಿ ಬಂದಾಗ ಮೂವತ್ತು ತುಂಬಿರಲಿಲ್ಲ. ನನಗೆ ನಲವತ್ತೈದು ದಾಟಿ, ಎರಡು ಸಲ ಕನ್ನಡಕದ ಗಾಜು ಬದಲಾಯಿಸಿ ಆಗಿತ್ತು. ಆ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ನಾನು ಮಳೆ ಗುಮಾಸ್ತ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕು ಕಚೇರಿಗಳ ಅಂಗಳದಲ್ಲಿ ನಾಲ್ಕು ಮಳೆ ಮಾಪಕಗಳಿದ್ದವು. ದಿನಾ ಬೆಳಿಗ್ಗೆ ಎಂಟಕ್ಕೆ ಆಯಾ ಕಚೇರಿಯ ಜವಾನ, ನಾವು ಡಲಾಯತ ಎನ್ನುತ್ತಿದ್ದವನು, ಮಾಪಕದ ಸೀಸೆಯನ್ನು ಹೊರಗೆ ತೆಗೆದು, ನೀರನ್ನು ಗೀಟು ಹಾಕಿದ ಗಾಜಿನ ಲೋಟಕ್ಕೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆದಿಡಬೇಕು. ತಿಂಗಳಿಗೊಮ್ಮೆ ಆ ಹಾಳೆಗಳು ನನ್ನ ಮೇಜಿಗೆ ಬರುತ್ತಿದ್ದವು. ನಾನು ಅವನ್ನು ದೊಡ್ಡ ರಿಜಿಸ್ಟರಿಗೆ ಏರಿಸಿ, ಒಟ್ಟು ಹಾಕಿ, ಬೆಂಗಳೂರಿಗೆ ಕಳಿಸುತ್ತಿದ್ದೆ. ಅಲ್ಲಿ ಅದನ್ನು ಯಾರು ಓದುತ್ತಿದ್ದರೋ ದೇವರೇ ಬಲ್ಲ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಸಾಹೇಬರು ಕರೆಸಿದರು. ಮೇಜಿನ ಮೇಲೆ ಒಂದು ಇಂಗ್ಲಿಷ್ ಪತ್ರಿಕೆ ತೆರೆದಿತ್ತು. ಚಂದ್ರ ಸಮುದ್ರವನ್ನು ಎಳೆಯುವಂತೆ ಗಾಳಿಯನ್ನೂ ಎಳೆಯುತ್ತಾನೆ, ಹಾಗಾಗಿ ಮಳೆಯೂ ತಿಥಿಯನ್ನು ಅನುಸರಿಸಿ ಹೆಚ್ಚುಕಡಿಮೆಯಾಗಬಹುದು ಎಂದು ಯಾರೋ ಅದರಲ್ಲಿ ಬರೆದಿದ್ದರಂತೆ. ಹಿಂದಿನ ವಾರವಷ್ಟೇ ರಾವಂದೂರಿನಲ್ಲಿ ಮೊಕ್ಕಾಂ ಮಾಡಿದ್ದಾಗ ಅಲ್ಲಿನ ಹಿರಿಯರೂ ಅಮಾವಾಸ್ಯೆ ಕಳೆದ ಮೇಲೆ ಮಳೆ ತಿರುಗಿಕೊಳ್ಳುತ್ತದೆ ಎಂದಿದ್ದರಂತೆ. ಎರಡೂ ಸೇರಿ ಸಾಹೇಬರಿಗೆ ನಿದ್ದೆ ಹಾರಿಹೋಗಿತ್ತು. ಇಪ್ಪತ್ತೆರಡು ವರ್ಷದ ನಾಲ್ಕೂ ತಾಲ್ಲೂಕಿನ ಮಳೆಯನ್ನು ದಿನದಿನಕ್ಕೂ ಬಿಡಿಸಿ, ಪಂಚಾಂಗ ನೋಡಿ, ಯಾವ ತಿಥಿಗೆ ಎಷ್ಟು ಮಳೆ ಎಂದು ತೋರಿಸುವ ತಿಥಿವಾರು ತಖ್ತೆ ತಯಾರಿಸಬೇಕು ಎಂದು ಹೇಳಿದರು. ನಾನು ಅಲ್ಲೇ ನಿಂತು ಮನಸ್ಸಿನಲ್ಲಿ ಗುಣಿಸಿ ನೋಡಿದೆ. ಮೂವತ್ತೆರಡು ಸಾವಿರ ದಿನಗಳಿಗೂ ಮೇಲೆ.

ಸಾಹೇಬರದು ಹುಚ್ಚಾಟವೇನೂ ಆಗಿರಲಿಲ್ಲ, ಅದನ್ನು ಒಪ್ಪಬೇಕು. ಹಿಂದಿನ ವರ್ಷ ಈ ನಾಲ್ಕು ತಾಲ್ಲೂಕಿನಲ್ಲೂ ಜನ ಒಂದು ಹದ ಮಳೆಗೆ ರಾಗಿ ಬಿತ್ತಿ, ಮೊಳಕೆ ಒಣಗಿ, ಮತ್ತೆ ಬಿತ್ತಿ, ಅದೂ ಒಣಗಿ ಕೈಚೆಲ್ಲಿ ಕೂತಿದ್ದರು. ಬಿತ್ತನೆಯ ದಿನವನ್ನು ಮುಂಚಿತವಾಗಿ ಹೇಳುವಂತಾದರೆ ಎಷ್ಟು ಮನೆಯ ಬೀಜ ಉಳಿಯುತ್ತದೆ ಎನ್ನುವುದು ಅವರ ಲೆಕ್ಕಾಚಾರ. ತಖ್ತೆ ಸರಿಬಂದರೆ ಆರಿದ್ರ ಮಳೆಗೆ ಮುಂಚೆ ಒಂದು ಕರಪತ್ರ ಅಚ್ಚು ಹಾಕಿಸಿ ಹಳ್ಳಿಹಳ್ಳಿಗೂ ಹಂಚೋಣ ಎಂದರು. ಆಮೇಲೆ ನನ್ನ ಮುಖ ನೋಡಿ, ಕೆಲಸ ಚೆನ್ನಾಗಿ ಬಂದರೆ ಬೆಂಗಳೂರಿನ ಹವಾಮಾನ ಕಚೇರಿಗೆ ನನ್ನ ಹೆಸರನ್ನು ತಾವೇ ಶಿಫಾರಸು ಮಾಡುವುದಾಗಿ ಹೇಳಿದರು. ನನ್ನ ಒಬ್ಬಳೇ ಮಗಳನ್ನು ಕೊಟ್ಟಿದ್ದು ಬೆಂಗಳೂರಿಗೆ. ಅದು ಅವರಿಗೆ ಹೇಗೆ ತಿಳಿದಿತ್ತೋ ಕಾಣೆ. ಮನೆಯಲ್ಲಿ ಈ ಮಾತು ಹೇಳಿದ ದಿನದಿಂದ ನನ್ನ ಹೆಂಡತಿ ಪಾತ್ರೆಗಳನ್ನು ಯಾವುದು ಕೊಂಡೊಯ್ಯುವುದು, ಯಾವುದು ಬಿಟ್ಟುಹೋಗುವುದು ಎಂದು ವಿಂಗಡಿಸತೊಡಗಿದಳು.

ಮೊದಲು ಪಂಚಾಂಗ ಸಿಗಬೇಕಲ್ಲ! ಹಳೆಯ ಪಂಚಾಂಗವನ್ನು ಯಾರು ಇಟ್ಟುಕೊಂಡಿರುತ್ತಾರೆ? ಅಗ್ರಹಾರದ ಜೋಯಿಸರ ಅಟ್ಟದಲ್ಲಿ ಹದಿನಾಲ್ಕು ವರ್ಷದ್ದು ಸಿಕ್ಕಿತು. ಉಳಿದದ್ದಕ್ಕೆ ಪಿರಿಯಾಪಟ್ಟಣದವರೆಗೂ ಅಲೆದೆ. ತಂದು ಬಿಚ್ಚಿದರೆ ಅರ್ಧ ಹಾಳೆ ಹುಳು ತಿಂದದ್ದು. ಆಮೇಲೆ ತಿಥಿಯ ಕಾಟ. ತಿಥಿ ಎನ್ನುವುದು ನಮ್ಮ ಗಡಿಯಾರದ ದಿನದ ಹಾಗೆ ಅಚ್ಚುಕಟ್ಟಾಗಿ ಇರುವುದಿಲ್ಲ. ಒಂದು ಮಧ್ಯಾಹ್ನ ಹುಟ್ಟಿ ಮಾರನೆಯ ಬೆಳಿಗ್ಗೆ ಹೋಗುತ್ತದೆ, ಇನ್ನೊಂದು ಎರಡು ಸೂರ್ಯೋದಯ ಹಿಡಿದು ಕೂರುತ್ತದೆ. ಸೂರ್ಯೋದಯದಲ್ಲಿ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ ಎಂದು ಇಟ್ಟುಕೊಂಡೆ. ಎರಡು ಪಕ್ಷಕ್ಕೆ ಸೇರಿ ಮೂವತ್ತು ಮನೆ ಗೀಚಿ, ಒಂದೊಂದು ದಿನದ ಮಳೆಯನ್ನು ಒಂದೊಂದು ಮನೆಗೆ ಹಾಕುತ್ತಾ ಹೋದೆ. ದಿನದ ಕಚೇರಿ ಕೆಲಸ ಮುಗಿಸಿ ಎರಡು ಗಂಟೆ, ಭಾನುವಾರ ಪೂರ್ತಿ.

ಫಾಲ್ಗುಣದಲ್ಲಿ ಒಂದು ಪೆಟ್ಟು ಬಿತ್ತು. ಎಂಟು ವರ್ಷಕ್ಕೆ ನಾನು ಬಳಸಿದ್ದ ಪಂಚಾಂಗ ಬೇರೆ ಪದ್ಧತಿಯದು. ಅದರಲ್ಲಿ ತಿಥಿಯ ಕಾಲ ಜೋಯಿಸರ ಪಂಚಾಂಗಕ್ಕಿಂತ ಕೆಲವು ಗಳಿಗೆ ಆಚೀಚೆ. ಎಷ್ಟೋ ದಿನಗಳು ಪಕ್ಕದ ಮನೆಗೆ ಹೋಗಿ ಕೂತಿದ್ದವು. ಇದನ್ನು ಕಂಡುಹಿಡಿದ ಸಂಜೆ ನಾನು ಮೇಜಿನ ಮೇಲೆ ತಲೆ ಇಟ್ಟು ಸುಮಾರು ಹೊತ್ತು ಹಾಗೇ ಇದ್ದೆ. ಮಾರನೆಯ ದಿನ ಎಂಟು ವರ್ಷದ್ದನ್ನೂ ಹೊಡೆದುಹಾಕಿ, ಜೋಯಿಸರ ಕೈಲಿ ತಿಥಿ ಲೆಕ್ಕ ಹಾಕಿಸಿಕೊಂಡು ಮತ್ತೆ ಮೊದಲಿಂದ ಶುರುಮಾಡಿದೆ. ಕಚೇರಿಯಲ್ಲಿ ಎಲ್ಲರೂ ನನ್ನನ್ನು ಚಂದ್ರನ ಶಾನುಭೋಗ ಎಂದು ಕರೆಯತೊಡಗಿದ್ದರು. ಶಿರಸ್ತೇದಾರರು ಎದುರಾದಾಗಲೆಲ್ಲ, ಏನ್ರೀ, ಚಂದ್ರನ ಜಮಾಬಂದಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ನನಗೆ ನಗುವಷ್ಟು ತ್ರಾಣವೂ ಇರಲಿಲ್ಲ. ಕಣ್ಣು ಮುಚ್ಚಿದರೆ ಅಂಕಿ ಕಾಣಿಸುತ್ತಿತ್ತು.

ವೈಶಾಖ ಅರ್ಧ ಕಳೆಯುವ ಹೊತ್ತಿಗೆ ತಖ್ತೆ ಮುಗಿಯಿತು. ಮೂವತ್ತು ಮನೆಗಳ ಸರಾಸರಿ ಸ್ವಲ್ಪ ಏರು, ಸ್ವಲ್ಪ ಇಳಿ. ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಂದೇ ಒಂದು ಕಡೆ ಮಾತ್ರ ಬೇರೆ. ಅಮಾವಾಸ್ಯೆಯ ಮನೆಯಲ್ಲಿ ಮಳೆ ತಗ್ಗಿತ್ತು, ಅದರ ಮಾರನೆಯ ದಿನದ, ಶುದ್ಧ ಪಾಡ್ಯದ ಮನೆಯಲ್ಲಿ ಎದ್ದು ನಿಂತಿತ್ತು. ಸಾಹೇಬರು ಆ ಎರಡು ಅಂಕಿಗಳ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿದರು. ಆಮೇಲೆ ಕುರ್ಚಿಯಿಂದ ಎದ್ದು ಬಂದು ನನ್ನ ಕೈ ಕುಲುಕಿದರು. ನನ್ನ ಸರ್ವೀಸಿನಲ್ಲಿ ಯಾವ ಅಧಿಕಾರಿಯೂ ನನ್ನ ಕೈ ಮುಟ್ಟಿದವರಲ್ಲ. ಸುಳ್ಳು ಯಾಕೆ ಹೇಳಲಿ, ಹಿಗ್ಗಿಹೋದೆ.

ನಾಲ್ಕು ತಾಲ್ಲೂಕನ್ನು ಬೇರೆಬೇರೆ ಮಾಡಿ ತೋರಿಸಿ ಎಂದರು. ಮಾಡಿದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮೂರರಲ್ಲೂ ಅಮಾವಾಸ್ಯೆಗೆ ಯಾವ ವಿಶೇಷವೂ ಇರಲಿಲ್ಲ. ಅಷ್ಟೂ ಏರಿಳಿತ ಹೆಗ್ಗಡದೇವನಕೋಟೆಯೊಂದರದ್ದೇ. ನನಗೆ ಅಲ್ಲೇ ಸಣ್ಣದೊಂದು ಕಸಿವಿಸಿ ಆಯಿತು. ಸಾಹೇಬರಿಗೆ ಆಗಲಿಲ್ಲ. ಕೋಟೆಗೆ ಕಾಡು ಹತ್ತಿರ, ವೈನಾಡಿನ ಬೆಟ್ಟ ಹತ್ತಿರ, ಮೋಡ ಮೊದಲು ಮುಟ್ಟುವುದೇ ಅಲ್ಲಿ, ಹಾಗಾಗಿ ಚಂದ್ರನ ಪ್ರಭಾವ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮಿಕ್ಕ ಕಡೆ ಮಸುಕಾಗುತ್ತದೆ ಎಂದು ವಿವರಿಸಿದರು. ಓದಿದವರು ಹೇಳಿದರೆ ಎಲ್ಲವೂ ಸರಿ ಎನ್ನಿಸುತ್ತದೆ. ಆದರೂ ತಖ್ತೆಯನ್ನು ಬೆಂಗಳೂರಿಗೆ ಕಳಿಸುವ ಮುಂಚೆ ಕೋಟೆಯ ಮಾಪಕ ನೆಟ್ಟಗಿದೆಯೇ, ಮರದ ನೆರಳು ಬಿದ್ದಿದೆಯೇ, ಲೋಟದ ಗೀಟು ಸರಿಯಿದೆಯೇ ಎಂದು ನಾನೇ ಹೋಗಿ ನೋಡಿಬರಬೇಕೆಂದು ಅಪ್ಪಣೆಯಾಯಿತು.

ಬಸ್ಸು ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತು, ಬೆಳಿಗ್ಗೆ ಹೊರಟವನು ಕೋಟೆ ತಲಪಿದಾಗ ಹೊತ್ತು ಇಳಿದಿತ್ತು. ತಾಲ್ಲೂಕು ಕಚೇರಿಯ ಡಲಾಯತ ಅಂಗಳದಲ್ಲೇ ಕಾಯುತ್ತಿದ್ದ. ಒಣಗಿದ ಮೈಯ ಉದ್ದನೆಯ ಮನುಷ್ಯ. ಇಪ್ಪತ್ತೆರಡು ವರ್ಷದಿಂದ ಕೋಟೆಯ ಮಳೆ ಅಳೆದವನು ಇವನೊಬ್ಬನೇ. ಅಕ್ಷರ ಬಾರದು, ಅಂಕಿ ಮಾತ್ರ ದುಂಡಗೆ ಬರೆಯುತ್ತಿದ್ದ. ಆಶ್ವಯುಜಕ್ಕೆ ಅವನಿಗೆ ಪಿಂಚಣಿ ಆಗುವುದಿತ್ತು. ಮಾಪಕ ನೋಡಿದೆ. ಸುತ್ತ ಮುಳ್ಳುಬೇಲಿ, ಬೇಲಿಯೊಳಗೆ ಒಂದು ಹುಲ್ಲಿನ ಎಸಳೂ ಇಲ್ಲ. ರಸಮಟ್ಟ ಇಟ್ಟೆ, ಮಾಪಕದ ಬಾಯಿ ಕೂದಲೆಳೆಯಷ್ಟೂ ಓರೆ ಇಲ್ಲ. ತಂದಿದ್ದ ನನ್ನ ಲೋಟದಿಂದ ಅವನ ಲೋಟಕ್ಕೆ ನೀರು ಸುರಿದು ಮೂರು ಸಲ ತಾಳೆ ನೋಡಿದೆ, ಗೀಟಿಗೆ ಗೀಟು ಸರಿ. ನಾಲ್ಕು ಮಾಪಕಗಳಲ್ಲಿ ಇಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ ಎಂದು ಅವನಿಗೆ ಹೇಳಿದೆ. ಅವನು ನಾಚಿಕೊಂಡು ಪೇಟ ಸರಿಮಾಡಿಕೊಂಡ.

ಆ ರಾತ್ರಿ ರೋಹಿಣಿ ಮಳೆ ಚೆನ್ನಾಗಿಯೇ ಹೊಡೆಯಿತು. ನಾನು ಮುಸಾಫರಖಾನೆಯಲ್ಲಿ ಮಲಗಿದ್ದವನು, ಬಂದದ್ದಕ್ಕೆ ಒಂದು ಅಳತೆಯನ್ನೂ ಕಣ್ಣಾರೆ ನೋಡಿ ಹೋಗೋಣ ಎಂದುಕೊಂಡು ಬೆಳಿಗ್ಗೆ ಎಂಟಕ್ಕೆ ಮುಂಚೆ ಮಾಪಕದ ಹತ್ತಿರ ಬಂದು ನಿಂತೆ. ಎಂಟಾಯಿತು. ಎಂಟೂಕಾಲಾಯಿತು. ಡಲಾಯತ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಾನೆ. ಏನಯ್ಯ, ಹೊತ್ತಾಯಿತು, ಬಾ ಎಂದು ಕರೆದೆ. ಅವನು ಎದ್ದು ಬಂದ, ಆದರೆ ಬೇಲಿಯ ಆಚೆಯೇ ನಿಂತ.

“ಇವತ್ತು ಅಳಿಯಕ್ಕಿಲ್ಲ ಬುದ್ದಿ. ಅಮಾಸೆ,” ಎಂದ.

ನನಗೆ ಮೊದಲು ತಲೆಗೆ ಹೋಗಲೇ ಇಲ್ಲ. ಅಮಾವಾಸ್ಯೆಯಾದರೆ ಏನು ಎಂದೆ. ನನಗಿಷ್ಟೂ ಗೊತ್ತಿಲ್ಲವೆಂದು ಅವನಿಗೇ ಆಶ್ಚರ್ಯ.

“ನಮ್ಮಟ್ಟೀಲಿ ಅಮಾಸೆ ದಿನ ಏನ್ನೂ ಅಳಿಯಕ್ಕಿಲ್ಲ ಬುದ್ದಿ. ರಾಗಿ ಅಳಿಯಕ್ಕಿಲ್ಲ, ಆಲು ಅಳಿಯಕ್ಕಿಲ್ಲ. ಅಳುದ್ರೆ ಸಿರಿ ಒಂಟೋಯ್ತದೆ ಅಂತ ನಮ್ಮವ್ವ ಯೋಳ್ತಿದ್ಲು. ಮಳೆನೂ ಸಿರಿನೇ ಅಲ್ವರಾ?”

“ಮತ್ತೆ ಈ ನೀರು?”

“ಎಲ್ಗೂ ಓಗಕ್ಕಿಲ್ಲ ಬುಡಿ. ಸೀಸೇಲೇ ಇರ್ತದೆ. ನಾಳಿಕೆ ಎಲ್ಡೂ ಸೇರ್ಸಿ ಅಳೀತೀನಿ. ಒಂದನಿ ಚೆಲ್ಲಕ್ಕಿಲ್ಲ.”

ಇಪ್ಪತ್ತೆರಡು ವರ್ಷದಿಂದ ಹೀಗೆಯೇ ಎಂದೂ ಹೇಳಿದ. ಹೇಳುವಾಗ ಮುಖದಲ್ಲಿ ಹೆಮ್ಮೆ ಇತ್ತು. ನಾನು ಕಚೇರಿಯೊಳಗೆ ಹೋಗಿ ಅವನ ದಿನವಹಿ ತರಿಸಿ ನೋಡಿದೆ. ಮಳೆ ಇಲ್ಲದ ದಿನಗಳಿಗೆಲ್ಲ ಅವನು ದುಂಡಗೆ ಸೊನ್ನೆ ಬರೆದಿದ್ದ. ಅಮಾವಾಸ್ಯೆಯ ಮನೆಯನ್ನು ಮಾತ್ರ ಖಾಲಿ ಬಿಟ್ಟಿದ್ದ. ಮಾರನೆಯ ದಿನದ ಮನೆಯಲ್ಲಿ ಎರಡು ದಿನದ ಮಳೆ. ಒಂದು ಹನಿಯೂ ಸುಳ್ಳಿಲ್ಲ. ಆ ಖಾಲಿ ಮನೆಗಳಿಗೆ ಸೊನ್ನೆ ತುಂಬಿದವರು ಯಾರು? ನಾನು. ಬೇರೆ ತಾಲ್ಲೂಕಿನ ಡಲಾಯತರು ಸೋಮಾರಿತನಕ್ಕೆ ಒಣ ದಿನಗಳನ್ನು ಖಾಲಿ ಬಿಡುತ್ತಿದ್ದರು, ಅದಕ್ಕೆ ಖಾಲಿ ಎಂದರೆ ಮಳೆ ಇಲ್ಲ ಎಂದು ಎಲ್ಲರದ್ದಕ್ಕೂ ಕಣ್ಣು ಮುಚ್ಚಿ ಸೊನ್ನೆ ಹಾಕುವುದು ನಮ್ಮ ಮೇಜಿನ ರೂಢಿ. ನನಗಿಂತ ಮುಂಚಿನವರೂ ಹಾಗೇ ಹಾಕಿದ್ದರು. ಅಮಾವಾಸ್ಯೆಯಂದು ತಗ್ಗಿ ಪಾಡ್ಯದಂದು ಎದ್ದು ನಿಂತ ಆ ಮಳೆಯನ್ನು ತಂದದ್ದು ಚಂದ್ರನೂ ಅಲ್ಲ, ವೈನಾಡಿನ ಬೆಟ್ಟವೂ ಅಲ್ಲ. ನಾನು ಐದು ತಿಂಗಳು ಕಣ್ಣು ಕಳೆದುಕೊಂಡು ಲೆಕ್ಕ ಹಾಕಿದ್ದು ಈ ಮನುಷ್ಯನ ತಾಯಿ ಹೇಳಿಕೊಟ್ಟ ಮಾತನ್ನು.

ಹಿಂದಿರುಗುವ ಬಸ್ಸಿನಲ್ಲಿ, ನಿಜ ಹೇಳಿದರೆ ಏನಾಗುತ್ತದೆ ಎಂದು ಒಂದೊಂದೇ ಎಣಿಸಿದೆ. ಕರಪತ್ರ ನಿಲ್ಲುತ್ತದೆ, ಅದು ಸರಿ. ಸಾಹೇಬರು ಇಪ್ಪತ್ತೆರಡು ವರ್ಷ ಸರ್ಕಾರದ ಅಳತೆ ತಪ್ಪಿಸಿದ ಡಲಾಯತನನ್ನು ಸುಮ್ಮನೆ ಬಿಡುತ್ತಾರೆಯೇ? ಇನ್ನು ನಾಲ್ಕು ತಿಂಗಳಿಗೆ ಪಿಂಚಣಿ ಆಗಬೇಕಾದವನು ಕರ್ತವ್ಯಲೋಪ ಎಂದು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಪಾಪದ ಮನುಷ್ಯ, ಅವನ ಹೊಟ್ಟೆಯ ಮೇಲೆ ನಾನೇಕೆ ಹೊಡೆಯಲಿ? ಹೀಗೆ ಅವನ ಬಗ್ಗೆ ಮರುಕಪಡುತ್ತಾ ಬಂದವನಿಗೆ, ಹುಣಸೂರು ಹತ್ತಿರವಾಗುವಾಗ, ಮನೆಯಲ್ಲಿ ಹೆಂಡತಿ ಕಟ್ಟಿಟ್ಟ ಪಾತ್ರೆಗಳೂ ನೆನಪಾದವು. ಯಾವುದು ಎಷ್ಟು ತೂಗಿತು ಎಂದು ಆಗ ನಾನು ನೋಡಿಕೊಳ್ಳಲಿಲ್ಲ.

ಸಾಹೇಬರು ನನ್ನನ್ನು ಕಂಡೊಡನೆ ಕೇಳಿದ್ದು ಒಂದೇ ಮಾತು. “ಗೇಜು ಸರಿಯಾಗಿದೆಯೇನ್ರೀ?”

“ಸರಿಯಾಗಿದೆ ಸಾರ್,” ಎಂದೆ.

ಅದು ನಿಜವೇ ಆಗಿತ್ತು. ಅವರು ಇನ್ನೇನೂ ಕೇಳಲಿಲ್ಲ, ನಾನು ಇನ್ನೇನೂ ಹೇಳಲಿಲ್ಲ. ಕರಪತ್ರದ ಕರಡನ್ನು ಆಗಲೇ ಬರೆದಿಟ್ಟಿದ್ದರು. ಜ್ಯೇಷ್ಠ ಬಹುಳ ಅಮಾವಾಸ್ಯೆ ಕಳೆದ ಮಾರನೆಯ ದಿನದಿಂದ ಒಳ್ಳೆಯ ಮಳೆ ನಿರೀಕ್ಷಿಸಬಹುದಾದ್ದರಿಂದ ರೈತರು ಅಲ್ಲಿಯವರೆಗೆ ರಾಗಿ ಬಿತ್ತನೆಯನ್ನು ತಡೆಹಿಡಿಯುವುದು ಲೇಸು ಎಂದು ಅದರಲ್ಲಿತ್ತು. ಅಚ್ಚಿಗೆ ಕೊಟ್ಟುಬನ್ನಿ ಎಂದು ನನ್ನ ಕೈಗೇ ಕೊಟ್ಟರು.

ಹುಣಸೂರಿನಲ್ಲಿ ಆಗ ಕಾಲಲ್ಲಿ ತುಳಿದು ನಡೆಸುವ ಒಂದು ಸಣ್ಣ ಅಚ್ಚುಮಳಿಗೆ ಇತ್ತು. ಅದರ ಯಜಮಾನರು ಒಬ್ಬ ಸಾಬರು, ಮೊಳೆ ಜೋಡಿಸುವುದೂ ಅವರೇ, ಮಸಿ ಹಚ್ಚುವುದೂ ಅವರೇ. ಎರಡು ದಿನ ಬಿಟ್ಟು ಕರಡಚ್ಚು ತಿದ್ದಲು ಹೋದೆ. ಸಾಬರು ಹಾಳೆಯನ್ನು ನನ್ನ ಮುಂದಿಟ್ಟು, ಬೀಡಿ ಹೊತ್ತಿಸಿಕೊಂಡು, “ಏನ್ ಸ್ವಾಮಿ ಇದು, ನಮ್ಗೆ ಚಾಂದ್ ಕಂಡ್ರೆ ಹಬ್ಬ. ನಿಮ್ ಸರ್ಕಾರಕ್ಕೆ ಚಾಂದ್ ಕಾಣ್ದಿದ್ರೆ ಬಿತ್ತನೆನಾ?” ಎಂದು ನಕ್ಕರು. ನಾನೂ ನಕ್ಕಂತೆ ಮಾಡಿದೆ. ಆ ಹಾಳೆಯಲ್ಲಿ ಮೂರು ಅಕ್ಷರದ ತಪ್ಪುಗಳಿದ್ದವು. ಒಂದು ಕಡೆ ದೀರ್ಘ ಬಿಟ್ಟುಹೋಗಿತ್ತು, ಒಂದು ಕಡೆ ಒತ್ತು ಬಿದ್ದುಹೋಗಿತ್ತು, ಜ್ಯೇಷ್ಠ ಎನ್ನುವುದು ಎಲ್ಲರೂ ತಪ್ಪು ಬರೆಯುವ ಹಾಗೆಯೇ ತಪ್ಪಾಗಿತ್ತು. ಮೂರನ್ನೂ ತಿದ್ದಿದೆ. ಲೇಖನಿ ಹಾಳೆಯ ಮೇಲೆ ನಿಂತೇ ಇತ್ತು. ಈಗಲೂ ತಡವಾಗಿಲ್ಲ, ಎದ್ದು ಹೋಗಿ ಸಾಹೇಬರ ಮುಂದೆ ನಿಂತು ಹೇಳಿಬಿಡಬಹುದು ಎಂದುಕೊಂಡೆ. ಸರ್ಕಾರದ ಕಾಗದ ನೋಡಿಕೊಂಡು ಯಾವ ರೈತ ಬಿತ್ತುತ್ತಾನೆ, ಇಂಥ ಎಷ್ಟು ಕರಪತ್ರ ಸಂತೆಯಲ್ಲಿ ಕಡಲೆಪುರಿ ಕಟ್ಟಲು ಹೋಗಿಲ್ಲ ಎಂದೂ ಅಂದುಕೊಂಡೆ. ಈ ಎರಡನೆಯ ಮಾತು ಹಿತವಾಗಿತ್ತು. ಅಚ್ಚು ಹಾಕಬಹುದು ಎಂದು ಬರೆದು ಸಹಿ ಹಾಕಿ ಕೊಟ್ಟೆ.

ಕಾಗದ ಕಾಗದವಾಗಿಯೇ ಹಳ್ಳಿ ಸೇರಿದ್ದರೆ ನನ್ನ ಎಣಿಕೆ ಸರಿಹೋಗುತ್ತಿತ್ತೋ ಏನೋ. ಓದು ಬಾರದವರಿಗೆ ತಿಳಿಯಲಿ ಎಂದು ಸಾಹೇಬರು ಪಟೇಲರುಗಳಿಗೆ ಡಂಗುರ ಹೊಡೆಸಲು ಹೇಳಿಕಳಿಸಿದರು. ತಡೆಹಿಡಿಯುವುದು ಲೇಸು ಎಂದು ನಾವು ಬರೆದದ್ದು ತಮಟೆಯವನ ಬಾಯಲ್ಲಿ, ಅಮಾಸೆ ಕಳೆಯೋಗಂಟ ಬಿತ್ತಕೂಡದು, ಸರ್ಕಾರದ ಅಪ್ಪಣೆ ಎಂದಾಯಿತು. ಲೇಸು ಎಂದು ತಮಟೆ ಹೊಡೆದು ಕೂಗಲು ಬರುವುದಿಲ್ಲವಲ್ಲ!

ಆರಿದ್ರ ಹುಟ್ಟಿ ಮೂರು ದಿನಕ್ಕೆ, ಬಹುಳ ಪಂಚಮಿಯಂದು ಸುರಿಯಿತು ನೋಡಿ ಮಳೆ. ನಾಲ್ಕು ತಾಲ್ಲೂಕಿನಲ್ಲೂ ಇಂಚಿನ ಮೇಲೆ. ಭೂಮಿ ಅಂಗೈ ಆಳ ನೆಂದು, ಬಿತ್ತನೆಗೆ ಹೇಳಿ ಮಾಡಿಸಿದ ಹದ. ಮಾರನೆಯ ಬೆಳಿಗ್ಗೆ ಕಚೇರಿ ಅಂಗಳದ ತುಂಬ ಜನ. ಬಿತ್ತುವುದೋ ಬೇಡವೋ ಎಂದು ಕೇಳಲು ಹಳ್ಳಿಗಳಿಂದ ನಡೆದು ಬಂದಿದ್ದರು. ಸಾಹೇಬರು ಹೊರಗೆ ಬಂದು, ಇದು ಸಣ್ಣ ಮಳೆ, ದೊಡ್ಡದು ಮುಂದಿದೆ, ಹತ್ತು ದಿನ ತಾಳಿ, ಹೋದ ವರ್ಷದಂತೆ ಬೀಜ ಸುಟ್ಟುಕೊಳ್ಳಬೇಡಿ ಎಂದು ಕೈ ಮುಗಿದು ಕೇಳಿಕೊಂಡರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಕಪಟ ಇದ್ದದ್ದು ಅವರ ಹಿಂದೆ, ರಿಜಿಸ್ಟರು ಹಿಡಿದು ನಿಂತಿದ್ದವನಲ್ಲಿ.

ಆಗಲೂ ನಾನು ಮಾಡಿದ್ದು ಹೇಡಿ ಕೆಲಸವೇ. ಗೇಟಿನ ಹೊರಗೆ ಹೋಗಿ, ಒಬ್ಬನೇ ನಿಂತಿದ್ದ ರಾವಂದೂರು ಕಡೆಯ ರೈತನೊಬ್ಬನನ್ನು ಪಕ್ಕಕ್ಕೆ ಕರೆದು, ಹದ ಬಿಡಬೇಡ, ಇವತ್ತೇ ಹೋಗಿ ಬಿತ್ತಿಕೋ ಎಂದು ಮೆಲ್ಲಗೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸಾಹೇಬರು ಒಂದು ಹೇಳುತ್ತಾರೆ, ಗುಮಾಸ್ತರು ಇನ್ನೊಂದು ಹೇಳುತ್ತಾರೆ, ನಾವು ಯಾರ ಮಾತು ಹಿಡಿಯುವುದು ಸ್ವಾಮಿ ಎಂದು ಗಟ್ಟಿಯಾಗಿಯೇ ಕೇಳಿದ. ಯಾರಾದರೂ ಕೇಳಿಸಿಕೊಂಡಾರೆಂದು ನಾನು ಒಳಗೆ ಬಂದುಬಿಟ್ಟೆ.

ಅಮಾವಾಸ್ಯೆ ಬಂತು, ಹೋಯಿತು. ಪಾಡ್ಯದ ದಿನ ಆಕಾಶ ತೊಳೆದಿಟ್ಟಂತೆ ಬೋಳಾಗಿತ್ತು. ಸಾಹೇಬರು ಸಂಜೆಯವರೆಗೆ ಹತ್ತು ಸಲ ಅಂಗಳಕ್ಕೆ ಬಂದು ತಲೆ ಎತ್ತಿ ನೋಡಿ ಒಳಗೆ ಹೋದರು. ಮಾರನೆಯ ದಿನ ಗಾಳಿ ಎದ್ದಿತು, ಬರೀ ಗಾಳಿ. ಪುನರ್ವಸು ಪೂರ್ತಿ ಹನಿ ಇಲ್ಲದೆ ಹೋಯಿತು. ಮತ್ತೆ ಹನಿ ಬಿದ್ದದ್ದು ಪುಷ್ಯ ಮಳೆಯಲ್ಲಿ. ಡಂಗುರಕ್ಕೆ ಕಿವಿಗೊಡದೆ ಆರಿದ್ರದಲ್ಲೇ ಬಿತ್ತಿದವರ ಹೊಲ ಆ ಹೊತ್ತಿಗೆ ಗೇಣುದ್ದ ಹಸಿರಾಗಿತ್ತು. ಕಾದವರು ಆಗಷ್ಟೇ ಕೂರಿಗೆ ಹೂಡಿದರು. ಸಾಹೇಬರು ಚಂದ್ರನ ಮಾತು ಮತ್ತೆ ಎತ್ತಲಿಲ್ಲ. ಶ್ರಾವಣದಲ್ಲಿ ರಜ ಹಾಕಿ ಹೋದವರಿಗೆ ಅಲ್ಲಿಂದಲೇ ಬೇರೆ ಕಡೆಗೆ ವರ್ಗವಾಯಿತು. ಹೊಸಬರಿಗೆ ತಖ್ತೆಯ ವಿಷಯವೇ ಗೊತ್ತಿರಲಿಲ್ಲ. ಯಾರೂ ನನ್ನನ್ನು ಏನನ್ನೂ ಕೇಳಲಿಲ್ಲ. ಬೆಂಗಳೂರಿನ ಮಾತು ಅಲ್ಲಿಗೆ ಮುಗಿಯಿತು, ಹೆಂಡತಿ ಪಾತ್ರೆಗಳನ್ನು ಮತ್ತೆ ಗೂಡಿಗೆ ಏರಿಸಿದಳು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಮೈಯಲ್ಲಿ ಸುಸ್ತು ಮಾತ್ರ ಇತ್ತು.

ಆಶ್ವಯುಜದಲ್ಲಿ ಒಂದು ದಿನ ಕೋಟೆಯ ಡಲಾಯತ ಪಿಂಚಣಿ ಕಾಗದಗಳಿಗೆ ಹೆಬ್ಬೆಟ್ಟು ಒತ್ತಲು ಹುಣಸೂರಿಗೆ ಬಂದ. ಕೆಲಸ ಮುಗಿಸಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನ ಕಾಗದಗಳಲ್ಲಿ ಒಂದು ಕೊಂಕೂ ಇಲ್ಲದೆ ಎಲ್ಲ ಸುಸೂತ್ರವಾಗಿತ್ತು. ಅಬ್ಬ, ಇವನೊಬ್ಬನನ್ನಾದರೂ ಉಳಿಸಿದೆನಲ್ಲ ಎಂದು ಎಷ್ಟೋ ದಿನದ ಮೇಲೆ ನನಗೆ ಸ್ವಲ್ಪ ಹಗುರೆನಿಸಿತು. ಇನ್ನೇನು, ಆರಾಮಾಗಿ ಮನೆಯಲ್ಲಿ ಕೂತು ನಿನ್ನ ರಾಗಿ ಮುದ್ದೆ ಉಣ್ಣು ಎಂದೆ.

ಅವನು ನಕ್ಕ. ಈ ವರ್ಷ ಮುದ್ದೆ ತಮ್ಮನ ಮನೆಯಲ್ಲಿ ಕೇಳಿ ಉಣ್ಣಬೇಕು ಎಂದ. ಅಣ್ಣತಮ್ಮಂದಿರಿಗೆ ಒಂದೇ ಹೊಲ, ನಡುವೆ ಒಂದು ಬದು. ತಮ್ಮ ಆರಿದ್ರದಲ್ಲೇ ಬಿತ್ತಿದ್ದನಂತೆ. ಈಗ ಅವನ ಕಡೆ ತೆನೆ ಬಾಗಿ ನಿಂತಿದೆಯಂತೆ. ಇವನದು ಮೊಣಕಾಲು ಮುಟ್ಟದೆ, ಹಾಲು ಕಟ್ಟದೆ ಒಣಗುತ್ತಿದೆಯಂತೆ.

“ನೀನ್ಯಾಕಯ್ಯ ಬಿತ್ತಲಿಲ್ಲ?” ಎಂದೆ.

“ಸರ್ಕಾರ ಬ್ಯಾಡ ಅಂತಲ್ಲ ಬುದ್ದಿ. ತಮ್ಮ ಯೋಳ್ದ, ಅಣ್ಣೋ, ಹದ ಓಯ್ತದೆ ಅಂತ. ನಾನೇ ಬೈದೆ. ಸರ್ಕಾರದ ಅನ್ನ ಉಂಡೋನು ಸರ್ಕಾರದ ಮಾತ ಮೀರಕಾಯ್ತದಾ?” ಎಂದವನು, ಮತ್ತೆ ಕೇಳಿದ, “ಆ ಲೆಕ್ಕ ಮಾಡ್ದೋರು ಯಾರು ಬುದ್ದಿ? ಬೆಂಗ್ಳೂರೋರಾ?”

“ನಾನೇ,” ಎಂದೆ.

ಕೇಳಬಾರದ್ದನ್ನು ಕೇಳಿದೆನೇನೋ ಎಂದು ಅವನು ಗಾಬರಿಯಾದ. “ಓಗ್ಲಿ ಬುಡಿ ಬುದ್ದಿ. ಮಳೆ ಯಾರ್ ಕೈಲೈತೆ? ನೀವೇನ್ ಬೇಕಂತ ಮಾಡಿದ್ರಾ?”

ಅಲ್ಲಿಗೆ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿದ್ದು ಸುಮ್ಮನಿದ್ದು ನನಗೂ ಸಾಕಾಗಿತ್ತು. ಆ ಲೆಕ್ಕ ತಪ್ಪೆಂದು ಅಚ್ಚಾಗುವ ಮುಂಚೆಯೇ ನನಗೆ ಗೊತ್ತಿತ್ತು ಎಂದು ಹೇಳಿದೆ. ತಪ್ಪು ಹೇಗಾಯಿತೆಂದು ಹೇಳಲಿಲ್ಲ, ಅವನ ಅಮಾವಾಸ್ಯೆಯ ಸುದ್ದಿ ಎತ್ತಲಿಲ್ಲ. ಅವನು ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲೆ ಇಟ್ಟ.

“ಗೊತ್ತಿದ್ದೂ ಸುಮ್ಕಿದ್ರಾ?”

“ಹೂಂ.”

“ಯಾಕ್ ಬುದ್ದಿ?”

ನಿನಗೋಸ್ಕರ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಲ್ಕು ತಿಂಗಳು ಅದನ್ನೇ ನನಗೆ ನಾನು ಹೇಳಿಕೊಂಡು ಊಟಮಾಡಿದ್ದೆ, ನಿದ್ದೆಮಾಡಿದ್ದೆ. ಮೊಣಕಾಲುದ್ದದ ರಾಗಿಯ ಒಡೆಯ ಎದುರಿಗೆ ನಿಂತಾಗ ಅದು ಬಾಯಿಂದ ಹೊರಡಲಿಲ್ಲ.

“ನನಗೋಸ್ಕರ ಕಣಯ್ಯ,” ಎಂದೆ.

ಅವನು ತಲೆ ಆಡಿಸಿದ. ಕಾಗದಗಳನ್ನು ಮಡಿಸಿ ಪಂಚೆಯ ಅಂಚಿಗೆ ಕಟ್ಟಿಕೊಂಡ. ಬಸ್ಸಿಗೆ ಹೊತ್ತಾಯಿತು ಎಂದು, ಕೈ ಮುಗಿಯದೆ ಹೊರಟುಹೋದ.

ಅವನು ಮೆಟ್ಟಿಲಿಳಿದು ಹೋದ ಮೇಲೆ ಒಂದು ಹಾಳೆ ತೆಗೆದುಕೊಂಡು ಬೆಂಗಳೂರಿನ ಹವಾಮಾನ ಕಚೇರಿಗೆ ಬರೆದೆ. ಕೋಟೆಯ ಮಾಪಕದಲ್ಲಾಗಲಿ, ಅಳೆದವನಲ್ಲಾಗಲಿ ದೋಷವಿಲ್ಲ. ಅಳತೆಯಾಗದ ದಿನಗಳಿಗೆ ಸೊನ್ನೆ ತುಂಬಿ, ಅದು ತಪ್ಪೆಂದು ತಿಳಿದ ಮೇಲೂ ತಖ್ತೆಯನ್ನು ಹಾಗೆಯೇ ಬಿಟ್ಟವನು ಕೆಳಗೆ ಸಹಿ ಮಾಡಿರುವ ಗುಮಾಸ್ತ. ಅಷ್ಟು ಬರೆದು ಸಹಿ ಮಾಡಿ, ಮಸಿ ಆರುವವರೆಗೂ ಕಾದು ಕೂತೆ.